ಹೊಸ್ತಿಲ ಮೇಲೆ ನೀರಿರಲಿಲ್ಲ

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಕಬ್ಬು ಕಾರ್ಖಾನೆಗೆ ಹೋಗಲಿ, ಆಮೇಲೆ ನೋಡೋಣ ಎಂದುಕೊಂಡೆ. ಕಬ್ಬು ಹೋಯಿತು. ಚಿಕ್ಕೋಡಿಯಲ್ಲಿ ಕಣ್ಣಿನ ಆಪರೇಷನ್ ಆಗಲಿ, ಕಣ್ಣು ತಿಳಿಯಾದ ಮೇಲೆ ಕೂತು ಬರೆದರಾಯಿತು ಎಂದುಕೊಂಡೆ. ಕಣ್ಣೂ ತಿಳಿಯಾಯಿತು. ಬರೆಯಲು ಬರುವುದಿಲ್ಲ ಎಂದು ಹೇಳಿಕೊಳ್ಳುವಂತೆಯೂ ಇಲ್ಲ. ಹತ್ತನೆಯ ತರಗತಿ ಪಾಸಾಗಿ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳನ್ನು ತೂಗುವ ಕಾಟಾದ ಮೇಲೆ ಕೂತು, ಬರೆದೇ ಸಂಬಳ ತಿಂದವನು ನಾನು.

ನಮ್ಮದು ರಾಯಬಾಗ ತಾಲೂಕಿನ ಒಂದು ಹಳ್ಳಿ. ಕೃಷ್ಣಾ ನದಿಯ ನೀರು ಬರುವ ಹೊಲ, ಕಬ್ಬು. ನನಗೆ ಒಬ್ಬನೇ ಅಣ್ಣ. ಅವನು ಹೊಲ ನೋಡಿಕೊಂಡ, ನಾನು ನೌಕರಿ ಮಾಡಿದೆ. ಮನೆ ಒಂದೇ, ಒಲೆ ಒಂದೇ. ನನ್ನ ಹೆಂಡತಿ ಬೇಗ ತೀರಿಕೊಂಡಳು. ಆಮೇಲೆ ಆ ಒಲೆಯ ಮುಂದೆ ಉಳಿದವರು ಅಣ್ಣನ ಹೆಂಡತಿ. ನಮ್ಮ ಕಡೆ ಅಣ್ಣನ ಹೆಂಡತಿಗೆ ವೈನಿ ಎನ್ನುತ್ತೇವೆ. ಅವರು ಈ ಮನೆಗೆ ಬಂದಾಗ ನಾನಿನ್ನೂ ಶಾಲೆಗೆ ಹೋಗುವ ಹುಡುಗ.

ಅಣ್ಣ ನಡೆಯುವುದರಲ್ಲಿ ಊರಿಗೇ ಮುಂದು. ಹೊಲದ ಬದುವಿನ ಮೇಲೆ ಅವನು ಹೊರಟರೆ ನಾವು ಓಡಬೇಕಾಗುತ್ತಿತ್ತು. ಅಂಥವನ ಚಪ್ಪಲಿಯ ತುದಿ ನೆಲಕ್ಕೆ ಉಜ್ಜುವ ಸಪ್ಪಳ ಯಾವಾಗ ಶುರುವಾಯಿತೋ ನಾನು ಗಮನಿಸಲಿಲ್ಲ. ಆಮೇಲೆ ನೋಡಿದರೆ, ನಡೆಯುವಾಗ ಬಲಗೈ ಬೀಸುತ್ತಿರಲಿಲ್ಲ. ಯಾರದೋ ಕೈಯನ್ನು ತಂದು ಹೊಲಿದ ಹಾಗೆ ಪಕ್ಕಕ್ಕೆ ಜೋತುಬಿದ್ದಿರುತ್ತಿತ್ತು. ಹೆಜ್ಜೆ ಚಿಕ್ಕದಾಯಿತು. ಬಾಗಿಲಿಗೆ ಬಂದ ಕೂಡಲೇ ನಿಂತುಬಿಡುತ್ತಿದ್ದ. ಅಂಗಳದಲ್ಲಿ ಸರಿಯಾಗಿ ಬಂದವನು, ಹೊಸ್ತಿಲ ಮುಂದೆ ಬಂದರೆ ಮೊಳೆ ಹೊಡೆದಂತೆ ನಿಲ್ಲುತ್ತಿದ್ದ. ಹಿಂದೆ ನಿಂತವರು ಕಾಯಬೇಕು. ಚಹಾ ಆರುತ್ತಿತ್ತು, ಊಟ ಆರುತ್ತಿತ್ತು. ಅವನು ಮಾತ್ರ ನೆಲ ನೋಡುತ್ತ ನಿಂತಿರುತ್ತಿದ್ದ.

ಆ ಕಾಯುವುದು ನನ್ನ ತಲೆ ಕೆಡಿಸುತ್ತಿತ್ತು. ಸರಿ ಇದ್ದ ಮನುಷ್ಯ, ಮೈಮೇಲೆ ಗಾಯವಿಲ್ಲ, ಜ್ವರವಿಲ್ಲ, ಹೊಟ್ಟೆತುಂಬ ಉಣ್ಣುತ್ತಾನೆ, ಒಂದು ಹೊಸ್ತಿಲು ದಾಟುವುದಿಲ್ಲ ಎಂದರೆ ಏನು?

ಒಮ್ಮೆ ಚಿಕ್ಕೋಡಿಗೆ ಕರೆದುಕೊಂಡು ಹೋಗಿ ಡಾಕ್ಟರರಿಗೆ ತೋರಿಸಿದೆ. ಅವರು ಕೈ ಮಡಚಿ ಬಿಡಿಸಿ ನೋಡಿದರು. ಇದು ನರದ ಕಾಯಿಲೆ ಇದ್ದಂತಿದೆ, ಮಿರಜಕ್ಕೆ ಹೋಗಿ ದೊಡ್ಡ ಡಾಕ್ಟರರಿಗೆ ತೋರಿಸಿ ಎಂದು ಸ್ಪಷ್ಟವಾಗಿ ಹೇಳಿದರು. ಹೊಲದಲ್ಲಿ ಕಬ್ಬು ಕಡಿಯುವ ಟೋಳಿ ಬಂದು ಇಳಿದಿತ್ತು. ಆಮೇಲೆ ಹೋದರಾಯಿತು ಎಂದುಕೊಂಡು ನಾನು ಆ ಮಾತನ್ನು ಮನೆಯಲ್ಲಿ ಹೇಳಲೇ ಇಲ್ಲ.

ಅಂದು ತಿರುಗಿ ಬರುವಾಗ ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ಬಸ್ಸಿನ ಮೆಟ್ಟಿಲ ಮುಂದೆ ನಿಂತುಬಿಟ್ಟ. ಹಿಂದೆ ಮಂದಿ ಒತ್ತುತ್ತಿದ್ದರು.

"ಏ ಅಜ್ಜಾ, ಏರ್ತೀಯೋ, ಇಲ್ಲಾ ಫೋಟೋ ತಗಸ್ಕೋತ ನಿಂದರ್ತೀಯೋ?" ಎಂದ ಕಂಡಕ್ಟರ್.

"ಮುಂಜಾನೆನ ಹಾಕ್ಕೊಂಡ ಬಂದಾನ ಕಾಣಸ್ತೈತಿ" ಎಂದು ಹಿಂದಿನವನೊಬ್ಬ ನಕ್ಕ.

ಕೊರಳಲ್ಲಿ ತುಳಸಿ ಮಾಲೆ ಇದ್ದವನು ನನ್ನ ಅಣ್ಣ. ಆಯುಷ್ಯದಲ್ಲಿ ಒಂದು ಹನಿ ಮುಟ್ಟಿದವನಲ್ಲ. ನಾನು ಆ ಮನುಷ್ಯನಿಗೆ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಅಣ್ಣನ ಬಗಲಿಗೆ ಕೈ ಹಾಕಿ ಮೂಟೆ ಎತ್ತಿದಂತೆ ಎತ್ತಿ ಒಳಗೆ ತಳ್ಳಿದೆ. ಸೀಟಿನಲ್ಲಿ ಕೂತ ಮೇಲೆ ಕೇಳಿದೆ:

"ಮಂದಿ ಮುಂದ ಮರ್ಯಾದಿ ಕಳದಿ. ಏನಾಗೇತಿ ನಿನಗ?"

"ಕಾಲಿಗೆ ಹೇಳಾಕತ್ತೀನೋ ತಮ್ಮಾ. ಅದು ಕೇಳವಲ್ದು."

"ಕಾಲಿಗೆ ಯಾರರ ಹೇಳ್ತಾರೇನ? ನಡೀಬೇಕಂದ್ರ ನಡೀತಾವ."

ಅವನು ನನ್ನ ಕಡೆ ನೋಡಿದ. ಮುಖದಲ್ಲಿ ಸಿಟ್ಟಿಲ್ಲ, ದುಃಖವಿಲ್ಲ, ಏನೂ ಇಲ್ಲ. ಮುಖದ ಸ್ನಾಯುಗಳನ್ನೂ ಆ ಕಾಯಿಲೆ ಬಿಗಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಅದನ್ನು ಹಟ ಎಂದು ತಿಳಿದೆ.

ಹೊಲದ ಕೆಲಸವೆಲ್ಲ ನನ್ನ ಮೇಲೆ ಬಂತು. ಥ್ರೀ ಫೇಜ್ ಕರೆಂಟು ಬಂದಾಗ ಹೋಗಿ ಪಂಪು ಹಚ್ಚಬೇಕು, ಸಾಲು ಸಾಲಿಗೆ ನೀರು ತಿರುಗಿಸಬೇಕು. ರಿಟೈರ್ ಆಗಿ ಮನೆಯಲ್ಲಿ ಆರಾಮವಾಗಿ ಇರಬೇಕೆಂದಿದ್ದ ನಾನು ಮೊಣಕಾಲುದ್ದ ಕೆಸರಿನಲ್ಲಿ ನಿಲ್ಲಬೇಕಾಯಿತು. ಅಣ್ಣ ಜಗಲಿಯ ಮೇಲೆ ಕೂತಿರುತ್ತಿದ್ದ. ಸಲಿಕೆ ಮೂಲೆಗಿಟ್ಟು ಒಳಗೆ ಹೋಗುವಾಗ ದಿನವೂ ಒಂದು ಮಾತು ಅವನ ಮೇಲೆ ಎಸೆದು ಹೋಗುತ್ತಿದ್ದೆ. "ರಾಜಾರು ಎದ್ದರೇನ್ರಿ?" ಎನ್ನುತ್ತಿದ್ದೆ. ಅವನು ಮೊದಮೊದಲು ನಗುತ್ತಿದ್ದ. ಆಮೇಲೆ ನಗುವುದೂ ಕಾಣದಾಯಿತು.

ಆಷಾಢದಲ್ಲಿ ನಮ್ಮೂರಿನಿಂದ ಪಂಢರಪುರಕ್ಕೆ ದಿಂಡಿ ಹೊರಡುತ್ತದೆ. ವೀಣೆ ಹಿಡಿದವನ ಹಿಂದೆ ಗಂಡಸರು ಸಾಲಾಗಿ ತಾಳ ಹಾಕುತ್ತ, ಅವರ ಹಿಂದೆ ಹೆಂಗಸರು ತುಳಸಿ ಹೊತ್ತು, ನಡೆದೇ ಹೋಗುವುದು. ತಾಳಗಳೆಲ್ಲ ವಿಠ್ಠಲ ಗುಡಿಯವು. ಅವನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕುವುದು ನನ್ನ ಕೆಲಸ. ಆ ವರ್ಷ ಅಣ್ಣ, ಊರ ಗಡಿಯವರೆಗೆ ಬಂದು ಕಳಿಸಿ ಹೋಗುತ್ತೇನೆ ಎಂದ. ಬರಲಿ, ನಾಲ್ಕು ಹೆಜ್ಜೆಗೆ ನಿಲ್ಲುತ್ತಾನೆ ಎಂದುಕೊಂಡೆ.

ಅವನು ನಿಲ್ಲಲಿಲ್ಲ. ತಾಳಗಳು ಒಂದೇ ಲಯದಲ್ಲಿ ಬೀಳುತ್ತಿದ್ದವು, ವಿಠ್ಠಲ ವಿಠ್ಠಲ ಎಂಬ ಹೆಸರು ಆ ಲಯದ ಮೇಲೆ ಕೂತಿತ್ತು, ಅಣ್ಣನ ಕಾಲು ಅದರ ಜೊತೆ ಏಳುತ್ತಿತ್ತು, ಬೀಳುತ್ತಿತ್ತು. ಗಡಿ ದಾಟಿದ. ಕೃಷ್ಣೆಯ ಸೇತುವೆ ದಾಟಿದ. ಉಗಾರ ಬುದ್ರುಕದ ಹತ್ತಿರ ಮೊದಲ ವಸ್ತಿ ಮಾಡುವ ಗುಡಿಯವರೆಗೂ ಬಂದ. ಜೊತೆಯವರು ವಿಠೋಬನ ಮಹಿಮೆ ಎಂದು ಕೈ ಮುಗಿದರು. ಗುಡಿಯ ಬಾಗಿಲಲ್ಲಿ ತಾಳ ನಿಂತವು. ಅಲ್ಲೇ ಅಣ್ಣನೂ ನಿಂತ. ಹೊಸ್ತಿಲು ದಾಟಲೊಲ್ಲ.

ಇಷ್ಟು ದಿನ ನಾನು ಕೆಸರಿನಲ್ಲಿ ನಿಂತದ್ದೆಲ್ಲ ಕಣ್ಣ ಮುಂದೆ ಬಂತು.

"ನೋಡ್ರಿ ಎಲ್ಲಾರೂ" ಎಂದೆ ಜೋರಾಗಿ. "ನೀರ ಹಾಯಿಸಾಕ ಬಾರದ ಕಾಲು ಪಂಢರಪುರಕ್ಕ ಬರ್ತಾವ. ಭಜನಿಗೊಂದು ಕಾಲು, ಹೊಲಕ್ಕೊಂದು ಕಾಲು ಅದಾವ ನಮ್ಮಣ್ಣಗ."

ಮಂದಿ ನಕ್ಕರು. ಅಣ್ಣ ಏನೋ ಹೇಳಿದ. ಅವನ ಧ್ವನಿ ಅಷ್ಟು ಹೊತ್ತಿಗಾಗಲೇ ಸಣ್ಣದಾಗಿತ್ತು, ನಗುವಿನಲ್ಲಿ ಕೇಳಿಸಲಿಲ್ಲ. ಹೆಂಗಸರ ಸಾಲಿನಿಂದ ವೈನಿ ಮುಂದೆ ಬಂದು, ತಲೆಯ ಮೇಲಿನ ತುಳಸಿಯನ್ನು ಇನ್ನೊಬ್ಬಳಿಗೆ ಕೊಟ್ಟು, ಅವನ ಪಕ್ಕ ನಿಂತರು. ಅವರು ನನ್ನ ಕಡೆ ನೋಡಲಿಲ್ಲ. ಅಣ್ಣನ ಪಾದಗಳನ್ನೇ ನೋಡುತ್ತಿದ್ದರು. ಮರುದಿನ ಒಂದು ಟ್ರ್ಯಾಕ್ಟರಿನಲ್ಲಿ ಇಬ್ಬರೂ ಊರಿಗೆ ತಿರುಗಿದರು. ನಾನು ದಿಂಡಿಯ ಜೊತೆ ಮುಂದೆ ಹೋದೆ. ಎರಡು ಕಾಲಿನ ಆ ಚೇಷ್ಟೆಯನ್ನು ದಾರಿಯುದ್ದಕ್ಕೂ ಹೇಳಿ ನಗಿಸಿದೆ.

ಪಂಢರಪುರದಿಂದ ಬಂದ ಮರುದಿನ ಮುಂಜಾನೆ ತಾಳದ ಸಪ್ಪಳಕ್ಕೆ ನನಗೆ ಎಚ್ಚರವಾಯಿತು. ಎದ್ದು ಬಂದು ನೋಡಿದರೆ, ವೈನಿ ಅಣ್ಣನ ಮುಂದೆ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತ, ಮೆಲ್ಲಗೆ ತಾಳ ಹಾಕುತ್ತಿದ್ದರು. ಅಣ್ಣ ಅದಕ್ಕೆ ಸರಿಯಾಗಿ ಕಾಲೆತ್ತಿ ಹಿಂಬಾಗಿಲ ಹೊಸ್ತಿಲನ್ನು ಸಲೀಸಾಗಿ ದಾಟಿದ. ಅದನ್ನು ನೋಡಿ ನಾನು ಸಂತೋಷಪಡಬೇಕಿತ್ತು. ನನಗೆ ಕಂಡದ್ದು ಅವರು ಹೊರಟಿದ್ದ ಜಾಗ. ಹಿತ್ತಲಿನ ಸಂಡಾಸು.

"ವೈನಿ, ಅದು ಗುಡಿ ತಾಳ."

"ಹೌದು ತಮ್ಮಾ, ನಿನ್ನೆ ನೀ ಪೆಟ್ಟಿಗಿಗೆ ಕೀಲಿ ಹಾಕೂಕಿಂತ ಮೊದಲ ಪೂಜಾರಿಗೆ ಕೇಳೇ ತಂದೀನಿ. ಇಲ್ಲಿ ನೋಡು, ಹೆಂಗ ದಾಟಿದ್ರು."

"ದೇವರ ತಾಳ ಬಡಕೋತ ಸಂಡಾಸಕ್ಕ ಕರ್ಕೊಂಡ ಹೊಂಟೀಯಲ್ಲ, ನಾಚಿಕಿ ಬರೂದಿಲ್ಲ ನಿನಗ?"

ಅವರಿಗೆ ನಾನು ಏಕವಚನ ಹಚ್ಚಿದ್ದು ಅದೇ ಮೊದಲು. ಅವರು ಅದನ್ನು ಕೇಳಿಸಿಕೊಳ್ಳದವರಂತೆ ಮಾತಾಡಿದರು.

"ದೇವರಿಗೇನ ಹೊಲಸ ತಮ್ಮಾ? ಇವರ ಕಾಲು ನಡದ್ರ ಸಾಕು."

"ಕಾಲು ನಡೀತಾವ ಅನ್ನೂದು ನಾನೂ ಉಗಾರದಾಗ ನೋಡೀನಿ. ಈ ನಾಟಕ ನೀನ ಕಲಿಸಿದ್ದು. ನಾಳಿಂದ ತಾಳೂ ಇಲ್ಲ, ಚಪ್ಪಾಳಿನೂ ಇಲ್ಲ. ನಾ ನಡಸ್ತೀನಿ ಇವನ್ನ. ಹೆಂಗ ನಡೆಯೂದಿಲ್ಲ ನೋಡೇಬಿಡ್ತೀನಿ."

ತಾಳವನ್ನು ಅವರ ಕೈಯಿಂದ ಕಿತ್ತುಕೊಂಡೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದೆ, ಊದುಬತ್ತಿ ಬೆಳಗಿದೆ, ಗುಡಿಯ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದೆ. ದೊಡ್ಡ ಪುಣ್ಯದ ಕೆಲಸ ಮಾಡಿದ ಹಾಗೆ ಮನೆಗೆ ಬಂದೆ.

ನಮ್ಮಲ್ಲಿ ದಿನವೂ ಮುಂಜಾನೆ ಮುಂದಿನ ಹೊಸ್ತಿಲು, ಹಿಂದಿನ ಹೊಸ್ತಿಲು ಎರಡನ್ನೂ ನೀರು ಹಾಕಿ ತೊಳೆದು ಅರಿಶಿನ ಕುಂಕುಮ ಹಚ್ಚುತ್ತಾರೆ. ಅದು ವೈನಿಯ ಕೆಲಸ. ಮೊದಲು ಎಮ್ಮೆ ಹಿಂಡಿ ಬಂದು, ಆಮೇಲೆ ಹೊಸ್ತಿಲು ತೊಳೆಯುತ್ತಿದ್ದರು. ಮರುದಿನ ಅವರು ಎಮ್ಮೆ ಹಿಂಡಲು ಹೋದಾಗಲೇ ನಾನು ಅಣ್ಣನನ್ನು ಎಬ್ಬಿಸಿದೆ. ಕೈ ಹಿಡಿದು ಹಿಂಬಾಗಿಲವರೆಗೆ ತಂದೆ. ಅಲ್ಲಿ ನಿಂತ.

"ಎಡಗಾಲ ಎತ್ತು."

"ಎತ್ತಾಕತ್ತೀನಿ."

"ಎಲ್ಲಿ ಎತ್ತಾಕತ್ತಿ? ನೆಲಕ್ಕ ಹಚ್ಚಿ ನಿಂತೀಯಲ್ಲ."

"ತಡಿಯೋ. ಸ್ವಲ್ಪ ತಡಿ. ಆಕಿನ್ನ ಕರಿ."

ಆಕಿನ್ನ ಕರಿ ಎಂದದ್ದೇ ತಡ, ನನಗೆ ತಡೆಯಲಾಗಲಿಲ್ಲ. ಹೊಸ್ತಿಲಾಚೆ ನಿಂತು ಅವನ ಎರಡೂ ಕೈ ಹಿಡಿದು ಜಗ್ಗಿದೆ. ಮೈ ನನ್ನ ಕಡೆ ಬಂತು, ಕಾಲು ಅಲ್ಲೇ ಉಳಿದವು. ನನ್ನ ಹಿಡಿತ ತಪ್ಪಿತು. ಬೀಳುವಾಗ ಎಲ್ಲರೂ ಕೈ ಊರುತ್ತಾರೆ, ಅವನು ಅದನ್ನೂ ಮಾಡಲಿಲ್ಲ. ಕಂಬ ಉರುಳಿದ ಹಾಗೆ ಪಕ್ಕಕ್ಕೆ ಉರುಳಿ ಹಿತ್ತಲ ಕಲ್ಲಿನ ಮೇಲೆ ಬಿದ್ದ. ಎಲುಬು ಮುರಿದ ಸಪ್ಪಳ ನನಗೆ ಕೇಳಿಸಿತು.

ಅವನ ನರಳಾಟಕ್ಕಿಂತ ನನ್ನ ಕೂಗಾಟಕ್ಕೆ ಓಣಿಯ ಮಂದಿ ಓಡಿಬಂದರು. ಹೆಂಗ ಬಿದ್ದ, ಹೆಂಗ ಬಿದ್ದ ಎಂದು ಎಲ್ಲರೂ ಕೇಳಿದರು. ನನ್ನ ಬಾಯಿಂದ ಈ ಮಾತು ಬಂತು:

"ಹೊಸ್ತಿಲಾ ತೊಳದಿದ್ರು ವೈನಿ. ನೀರ ಒಣಗಿರಲಿಲ್ಲ. ಜಾರಿದ."

ಅಷ್ಟೊತ್ತಿಗೆ ಹಾಲಿನ ಚರಿಗೆ ಹಿಡಿದುಕೊಂಡೇ ವೈನಿ ಓಡಿಬಂದು ಮಂದಿಯ ನಡುವೆ ನಿಂತಿದ್ದರು. ನನ್ನ ಮಾತು ಕೇಳಿಸಿಕೊಂಡರು. ಹೊಸ್ತಿಲ ಕಡೆ ನೋಡಿದರು. ನಿನ್ನೆಯ ಅರಿಶಿನ ಒಣಗಿ ಹಾಗೇ ಇತ್ತು. ಯಾರಾದರೂ ಬಗ್ಗಿ ಮುಟ್ಟಿ ನೋಡಿದ್ದರೆ ನನ್ನ ಸುಳ್ಳು ಅಲ್ಲೇ ಮುಗಿಯುತ್ತಿತ್ತು. ಯಾರೂ ಬಗ್ಗಲಿಲ್ಲ. ನೆರೆಮನೆಯ ಮುದುಕಿ, "ಗಂಡನ ಕಾಲು ಹಿಂಗಿದ್ದಾಗ ಬಾಗಲಾಗ ನೀರ ಸುರೀತಾರೇನ ಯವ್ವಾ? ಖಬರ ಬ್ಯಾಡೇನ?" ಎಂದಳು. ವೈನಿ ಚರಿಗೆಯನ್ನು ಕೆಳಗಿಟ್ಟು ಅಣ್ಣನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡರು. ಜಗಳಕ್ಕೆ ಅದು ಹೊತ್ತಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಆ ಹೊತ್ತು ಮುಂದೆ ಬರಲೇ ಇಲ್ಲ. ನಾನು ಬರಗೊಡಲಿಲ್ಲ.

ಮಿರಜದಲ್ಲಿ ಸೊಂಟದ ಪಕ್ಕದ ಚಪ್ಪೆ ಎಲುಬಿಗೆ ರಾಡು ಹಾಕಿದರು. ನರದ ಡಾಕ್ಟರರು ಅಲ್ಲೇ ಬಂದು ನೋಡಿ, ಇದು ಪಾರ್ಕಿನ್ಸನ್ ಕಾಯಿಲೆ, ಶುರುವಾಗಿ ವರ್ಷಗಳಾಗಿವೆ ಎಂದರು. ಮಾತಾಡುತ್ತ ಒಮ್ಮೆಲೇ ಮರಾಠಿಯಲ್ಲಿ, "ಘರೀ ಕೋಣೀ ಭಜನ ಕರತಂ ಕಾ?" ಎಂದು ಕೇಳಿದರು. ಮನೆಯಲ್ಲಿ ಯಾರಾದರೂ ಭಜನೆ ಮಾಡುತ್ತಾರೆಯೇ ಎಂದು. ನಾನು ಹೂಂ ಎಂದೆ. ಹಾಗಾದರೆ ತಾಳ ಹಾಕಿ ನಡೆಸಿರಿ ಎಂದರು. ನಾವು ವಿಚಾರ ಮಾಡದೆ ನಡೆಯುತ್ತೇವಲ್ಲ, ಹಾಗೆ ತನ್ನಷ್ಟಕ್ಕೆ ಕಾಲು ನಡೆಸುವ ಮೆದುಳಿನ ಭಾಗ ಇವರಲ್ಲಿ ಕೆಡುತ್ತ ಬಂದಿದೆ. ಹೊರಗಿನಿಂದ ಲಯ ಸಿಕ್ಕರೆ ಮೆದುಳು ಬೇರೆ ದಾರಿ ಹಿಡಿದು ಕಾಲನ್ನು ಎತ್ತುತ್ತದೆ. ಬಾಗಿಲು, ತಿರುವು, ಇಕ್ಕಟ್ಟು ಬಂದಲ್ಲಿ ಹೆಜ್ಜೆ ಅಂಟಿಕೊಳ್ಳುತ್ತದೆ, ಆಗ ಎಂದೂ ಕೈ ಹಿಡಿದು ಜಗ್ಗಬಾರದು, ಜಗ್ಗಿದರೆ ಬಿದ್ದೇ ಬೀಳುತ್ತಾರೆ. ಇಷ್ಟನ್ನೂ ಸಾವಕಾಶವಾಗಿ ಹೇಳಿದರು. ಕೊನೆಗೆ, "ಇವರು ಬಿದ್ದದ್ದು ಹೇಗೆ?" ಎಂದರು.

"ನೀರಾಗ ಜಾರಿ" ಎಂದೆ.

ವೈನಿ ಮಂಚದ ಪಕ್ಕದಲ್ಲೇ ನಿಂತಿದ್ದರು. ಅಣ್ಣ ತುಟಿ ಅಲುಗಿಸಿದ. ಡಾಕ್ಟರರು ಬಗ್ಗಿ, ಏನು ಹೇಳುತ್ತಿದ್ದಾರೆ ಎಂದು ನನ್ನನ್ನೇ ಕೇಳಿದರು. ಅವನ ಮಾತು ಕಿವಿ ಹಚ್ಚಿದವರಿಗೆ ಮಾತ್ರ ಕೇಳುವಂತಿತ್ತು. ಹೊಸ್ತಿಲಾ ಒಣಾ ಇತ್ತು ಎನ್ನುತ್ತಿದ್ದ ಅವನು. ನಾನು ತಲೆಯೆತ್ತಿ, "ನೋವು ಭಾಳ ಐತಿ ಅಂತಾನ್ರಿ" ಎಂದೆ. ಊರಿನಿಂದ ನೋಡಲು ಬಂದವರ ಮುಂದೆಯೂ ಹೀಗೇ ಮಾಡಿದೆ. ಅವನು ಸತ್ಯ ಹೇಳುತ್ತಿದ್ದ. ಕಿವಿ ಹಚ್ಚುತ್ತಿದ್ದವನು ನಾನು.

ಮನೆಗೆ ಬಂದ ಮೇಲೆ ಗುಳಿಗೆ, ವಾಕರು, ಎಲ್ಲ ಶುರುವಾಯಿತು. ಗುಳಿಗೆ ಹತ್ತಿದಾಗ ಸ್ವಲ್ಪ ನಡೆಯುತ್ತಿದ್ದ, ಇಳಿದಾಗ ಕಲ್ಲಾಗುತ್ತಿದ್ದ. ನಾನೇ ಗುಡಿಯ ತಾಳ ತಂದು ಅವನ ಮುಂದೆ ಹಾಕುತ್ತಿದ್ದೆ, ಸಂಡಾಸಿನ ಬಾಗಿಲವರೆಗೂ. ಆದರೆ ಮುರಿದ ಕಾಲು ಮೊದಲಿನ ಕಾಲಾಗಲಿಲ್ಲ. ಎಷ್ಟು ತಾಳ ಹಾಕಿದರೂ ಅಂಗಳ ದಾಟಲಿಲ್ಲ. ಮೊದಲು ಅವನ ಮೇಲಿದ್ದ ಸಿಟ್ಟು ಈಗ ಎಲ್ಲಿ ಹೋಗಬೇಕೆಂದು ತಿಳಿಯದೆ ಗುಳಿಗೆಯ ಮೇಲೆ, ವಾಕರಿನ ಮೇಲೆ, ಕಾಲ ಕೆಳಗೆ ಬರುವ ಕೋಳಿಯ ಮೇಲೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಜಗಲಿಯಲ್ಲಿ ಅವನ ಕಾಲು ತಿಕ್ಕುತ್ತಿದ್ದಾಗ, ಹಾಗೇ ಅವನ್ನು ಹಿಡಿದುಕೊಂಡು ಅತ್ತುಬಿಟ್ಟೆ. ತಪ್ಪಾತು ಎಂದೆ. ಅವನು ಬಹಳ ಹೊತ್ತು ಮಾತು ಕೂಡಿಸಿದ.

"ಜಗ್ಗಿದ್ದು ಬಿಡು. ನಿನಗೂ ಗೊತ್ತಿರಲಿಲ್ಲ. ನಾ ಹೇಳಿದ್ರ ಆಕಿ ಸಮಾಧಾನಕ್ಕ ಅಂದ ಅಂತಾಳ. ಆಕಿಗೆ ನೀ ಹೇಳು. ಊರಿಗೂ ಹೇಳು."

"ಹೇಳ್ತೀನಿ."

"ನಾ ಇದ್ದಾಗ ಹೇಳು."

ಹೇಳಲಿಲ್ಲ. ದಿನವೂ ಮೂರು ಹೊತ್ತು ವೈನಿಯ ಕೈಯ ರೊಟ್ಟಿ ತಿನ್ನುತ್ತಿದ್ದೆ, ದಿನವೂ ನಾಳೆ ಎನ್ನುತ್ತಿದ್ದೆ. ಊರಿನಲ್ಲಿ ನನಗೊಂದು ಮರ್ಯಾದೆ ಇತ್ತು, ದಿಂಡಿಯಲ್ಲಿ ಮುಂದಿನ ಸಾಲು ಇತ್ತು. ಮುಂದೆ ಅಣ್ಣನಿಗೆ ನುಂಗುವುದೂ ಕಷ್ಟವಾಗಿ, ಎದೆಯಲ್ಲಿ ಕಫ ಕಟ್ಟಿ, ಚಳಿಗಾಲದಲ್ಲಿ ಅವನು ತೀರಿಕೊಂಡ. ಮಣ್ಣಿಗೆ ಬಂದ ಹೆಂಗಸರು ಪಡಸಾಲೆಯಲ್ಲಿ ಕೂತು, "ಅವತ್ತ ಆ ನೀರ ಒಂದ ಇರಲಿಲ್ಲಂದ್ರ ಇನ್ನೂ ನಾಕ ವರ್ಷ ಬಾಳ್ತಿದ್ದ" ಎಂದು ಮಾತಾಡಿಕೊಂಡರು. ವೈನಿ ಅವರ ನಡುವೆಯೇ ಕೂತಿದ್ದರು. ನಾನು ಬಾಗಿಲಲ್ಲಿ ನಿಂತು ಕೇಳಿದೆ.

ಅವರು ಈಗ ನಿಪ್ಪಾಣಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಕಳೆದ ದೀಪಾವಳಿಗೆ ಚಕ್ಕುಲಿ, ಉಂಡೆ ತುಂಬಿದ ಫರಾಳದ ಡಬ್ಬಿ ಹಿಡಿದುಕೊಂಡು ಹೋಗಿದ್ದೆ. ಇಂದು ಹೇಳಿಯೇ ಬರುತ್ತೇನೆ ಎಂದು ಬಸ್ಸಿನಲ್ಲಿ ಮಾತು ಹೊಂದಿಸಿಕೊಂಡು ಹೋಗಿದ್ದೆ. ಬಾಗಿಲು ತೆಗೆದ ಅಣ್ಣನ ಮಗಳು ದನಿ ತಗ್ಗಿಸಿ ಹೇಳಿದಳು:

"ಕಾಕಾ, ಅವ್ವಗ ನೀವರ ಹೇಳ್ರಿ. ದಿನಾ ಅರಿವಿ ತಗೊಂಡು ಬಚ್ಚಲಾ ಒರಸ್ಕೋತ ಕುಂದರ್ತಾಳ. ಹುಡುಗೂರು ಕೈ ತೊಳದ್ರ ಓಡಿ ಬರ್ತಾಳ. ಎಲ್ಲಿ ಯಾರ ಜಾರ್ತಾರೋ ಅಂತ."

ವೈನಿ ನನ್ನ ಮುಂದೆ ಚಹಾ ಇಟ್ಟು, ನನ್ನ ಮೊಣಕಾಲಿನ ನೋವು ವಿಚಾರಿಸಿದರು, ಎಮ್ಮೆ ಕರು ಹಾಕಿತೇ ಎಂದು ಕೇಳಿದರು. ಆಮೇಲೆ ಸೆರಗಿನಿಂದ ಕಪ್ಪಿನ ಕೆಳಗಿನ ಹನಿ ಒರೆಸುತ್ತ, ಬಹಳ ಸಾದಾ ದನಿಯಲ್ಲಿ ಕೇಳಿದರು:

"ತಮ್ಮಾ, ಅವತ್ತ ನಾ ಹೊಸ್ತಿಲಾ ತೊಳದಿದ್ನೇನ? ತೊಳದಿರಲಿಲ್ಲ ಅಂತಿತ್ತು ನನ್ನ ಮನಸು. ಈಗೀಗ ಖರೇ ನೆನಪ ಬರವಲ್ದು. ತೊಳದಿದ್ನೋ ಏನೋ."

ಅವರಿಗೆ ಬೇಕಾಗಿದ್ದದ್ದು ಒಂದೇ ಮಾತು. ಕೊಡಬಲ್ಲವನು ಈ ಭೂಮಿಯ ಮೇಲೆ ನಾನೊಬ್ಬನೇ. ನನ್ನ ಬಾಯಿಗೆ ಬಂದದ್ದು ಇಷ್ಟು:

"ಹಳೇದೆಲ್ಲ ಯಾಕ ತಗೀತೀರಿ ವೈನಿ, ಬಿಡ್ರಿ."

ಅವರು ಹೌದು ಎಂಬಂತೆ ತಲೆ ಆಡಿಸಿ, ಕಪ್ಪು ಎತ್ತಿಕೊಂಡು ಒಳಗೆ ಹೋದರು. ನಾನು ಚಿಕ್ಕೋಡಿಯ ಬಸ್ಸು ಹಿಡಿದೆ. ಅಣ್ಣನಿಂದ ನಡೆಯುವುದನ್ನು ಕಾಯಿಲೆ ಕಸಿದುಕೊಂಡಿತು, ಉಳಿದಷ್ಟನ್ನು ನಾನು ಕಸಿದುಕೊಂಡೆ. ವೈನಿಯಿಂದ, ತಾವು ತಪ್ಪು ಮಾಡಿಲ್ಲ ಎಂಬ ನೆನಪನ್ನೇ ಕಸಿದುಕೊಂಡಿದ್ದೇನೆ.

ಈಗ ಊರು ಓದಲಿ. ಅಂದು ಹೊಸ್ತಿಲನ್ನು ಯಾರೂ ತೊಳೆದಿರಲಿಲ್ಲ. ಒಂದು ಹನಿ ನೀರೂ ಇರಲಿಲ್ಲ. ನನ್ನ ಅಣ್ಣ ಜಾರಲಿಲ್ಲ, ನಾನು ಜಗ್ಗಿ ಕೆಡವಿದೆ. ಅವನ ಕಾಲು ಹಿಡಿದು ಕ್ಷಮೆ ಕೇಳಿದ್ದೇನೆ, ಅವನು ಕೊಟ್ಟೂ ಹೋಗಿದ್ದಾನೆ. ಇವತ್ತಿನವರೆಗೆ ನಾನು ಕ್ಷಮೆ ಕೇಳದೆ ಉಳಿದಿರುವುದು ಒಬ್ಬರಲ್ಲಿ. ಅವರು ನಿಪ್ಪಾಣಿಯಲ್ಲಿರುವ ನನ್ನ ಅಣ್ಣನ ಹೆಂಡತಿ, ನನ್ನ ವೈನಿ.